ಹನ್ನೊಂದು ಸಾಲಿಗೆ ಮುಕ್ಕಾಲು ಗಂಟೆ

ಮೊನ್ನೆ ಮೊಮ್ಮಗಳು ಶಾಲೆಯ ಇಂಗ್ಲಿಷ್ ಪುಸ್ತಕ ಹಿಡಿದುಕೊಂಡು ಬಂದು, "ಅಜ್ಜ, ಈ ಪದ್ಯಕ್ಕೆ ಸ್ವಲ್ಪ ಅರ್ಥ ಹೇಳು" ಎಂದಳು. ನಾನು ಎದ್ದು ಹಿತ್ತಿಲಿಗೆ ಹೋಗಿ, ತೆಂಗಿನ ಬುಡಕ್ಕೆ ಬಿಟ್ಟ ನೀರು ಸಾಕೋ ಸಾಲದೋ ಎಂದು ನೋಡುವವನ ಹಾಗೆ ಅರ್ಧ ಗಂಟೆ ನಿಂತೆ. ಅವತ್ತು ಬೆಳಗ್ಗಿನಿಂದ ಕರೆಂಟೇ ಇರಲಿಲ್ಲ, ಪಂಪು ನಡೆದಿರಲಿಲ್ಲ, ನೋಡುವುದಕ್ಕೆ ನೀರೇ ಇರಲಿಲ್ಲ. ಅಡುಗೆಮನೆಯ ಕಿಟಕಿಯಿಂದ ಇದನ್ನು ಗಮನಿಸಿದ ನನ್ನ ಹೆಂಡತಿ, "ಎಂತ ಮಾರಾಯ್ರೆ, ಅರ್ಥ ಹೇಳಿ ಅಂದರೆ ಊಟದ ಬಾಳೆಲೆ ಬಿಟ್ಟು ಏಳುವವರು ನೀವು. ಇವತ್ತೆಂತ ಓಡಿಹೋದದ್ದು?" ಎಂದಳು.

ಅವಳು ಹೇಳಿದ್ದರಲ್ಲಿ ತಪ್ಪಿಲ್ಲ. ಅರ್ಥ ಹೇಳುವುದು ನನ್ನ ಚಟ. ನಶ್ಯ ಬಿಟ್ಟೆ, ಇಸ್ಪೀಟು ಬಿಟ್ಟೆ, ಇದನ್ನು ಬಿಡಲು ಆಗಲಿಲ್ಲ. ಕೆಮ್ಮಿನ ಔಷಧದ ಬಾಟ್ಲಿಯ ಮೇಲೆ 'ಚೆನ್ನಾಗಿ ಕುಲುಕಿ ಕುಡಿಯಿರಿ' ಎಂದು ಬರೆದಿದ್ದರೆ, ಕುಲುಕುವುದು ಯಾಕೆ, ಕುಲುಕದೆ ಕುಡಿದವನ ಗತಿ ಏನು, ಸಂಸಾರವೆಂಬುದು ಮನುಷ್ಯನನ್ನು ಹೇಗೆ ಕುಲುಕುತ್ತದೆ ಎಂದು ನಾನು ವಿವರಿಸಿ ಮುಗಿಸುವಷ್ಟರಲ್ಲಿ ಕೆಮ್ಮುವವನ ಕೆಮ್ಮು ತಾನಾಗಿಯೇ ನಿಂತಿರುತ್ತದೆ.

ಇಷ್ಟೆಲ್ಲ ಇದ್ದೂ, ಇಂಗ್ಲಿಷ್ ಪದ್ಯ ಎಂದ ಕೂಡಲೇ ನನ್ನ ಬಾಯಿ ಕಟ್ಟುತ್ತದೆ. ಅದರಲ್ಲೂ ನಮ್ಮ ದೇಶದವರೇ ಇಂಗ್ಲಿಷಿನಲ್ಲಿ ಬರೆದ ಪದ್ಯವಾದರೆ ಕಾಲೂ ನಿಲ್ಲುವುದಿಲ್ಲ. ಮೊಮ್ಮಗಳ ಪುಸ್ತಕದಲ್ಲಿದ್ದದ್ದು ಅಂಥದ್ದೇ. ಇದರ ಹಿಂದೆ ಒಂದು ತಪ್ಪು ಉಂಟು. ಅದನ್ನು ಅರುವತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದೇನೆ. ನಮ್ಮ ಕ್ರಿಶ್ಚಿಯನ್ ಗೆಳೆಯರಿಗೆ ತಪ್ಪು ಒಪ್ಪಿಕೊಳ್ಳಲು ಇಗರ್ಜಿಯೊಳಗೆ ಒಂದು ಮರದ ಗೂಡು ಇರುತ್ತದೆ. ಆಚೆ ಪಾದ್ರಿ, ಈಚೆ ಇವರು, ನಡುವೆ ಜಾಲರಿ. ನನಗೆ ಆ ಸೌಕರ್ಯ ಇಲ್ಲ. ಆದ್ದರಿಂದ ನೀವೇ ಜಾಲರಿಯ ಆಚೆ ಕುಳಿತುಕೊಳ್ಳಿ. ನಾನು ತೀರಾ ಆಚೀಚೆ ಹೋದರೆ ಒಮ್ಮೆ ಕೆಮ್ಮಿ ಎಚ್ಚರಿಸಿ.

ನಾನು ಓದಿದ್ದು ಹೈಸ್ಕೂಲಿನವರೆಗೆ, ಕಾರ್ಕಳದಲ್ಲಿ, ಸೋದರಮಾವನ ಮನೆಯಲ್ಲಿದ್ದುಕೊಂಡು. ಐವತ್ತರ ದಶಕದ ಮೊದಲ ವರ್ಷಗಳು. ನಮ್ಮ ಇಂಗ್ಲಿಷ್ ಪಾಠದ ಪದ್ಯಗಳಲ್ಲಿ ಯಾವಾಗಲೂ ಹಿಮ ಬೀಳುತ್ತಿತ್ತು. ಕಾರ್ಕಳದ ಕರಿಬಂಡೆ ಏಪ್ರಿಲ್ ತಿಂಗಳಲ್ಲಿ ಹೇಗೆ ಕಾಯುತ್ತದೆಂದು ಬರಿಗಾಲಲ್ಲಿ ನಡೆದವರಿಗೆ ಗೊತ್ತು. ಆ ಬಂಡೆಯ ಮೇಲೆ ಒಂದು ಕಾಲೆತ್ತಿ ಇನ್ನೊಂದು ಕಾಲಿಡುತ್ತಾ ನಾವು ಹಿಮವನ್ನು ಬಾಯಿಪಾಠ ಮಾಡುತ್ತಿದ್ದೆವು. ಒಮ್ಮೆ ಮಾಸ್ಟ್ರು, "ಹಿಮ ಅಂದರೆ ಎಂತ?" ಎಂದು ಕೇಳಿದಾಗ ನನ್ನ ಪಕ್ಕದವನು, "ಅಕ್ಕಿಹಿಟ್ಟಿನ ಹಾಗೆ ಇರುತ್ತದೆ ಸಾರ್, ಆದರೆ ಅದರಲ್ಲಿ ಪುಂಡಿಗಡುಬು ಮಾಡುವುದಕ್ಕೆ ಆಗುವುದಿಲ್ಲ" ಎಂದ. ಅವನಿಗೆ ಎರಡು ಪೆಟ್ಟು ಬಿತ್ತು. ಅಂತೂ ಇಂಗ್ಲಿಷ್ ಪದ್ಯವೆಂದರೆ ನಮ್ಮಲ್ಲಿ ಇಲ್ಲದ ವಸ್ತುಗಳ ಪಟ್ಟಿ ಎಂಬ ತಿಳುವಳಿಕೆಯೊಂದಿಗೆ ನಾನು ಎಸ್ಸೆಸ್ಸೆಲ್ಸಿ ಪಾಸು ಮಾಡಿದೆ.

ನಿಜವಾದ ವಿದ್ಯೆ ಸಿಕ್ಕಿದ್ದು ಮಾವನಿಂದ. ಅವರು ತಾಳಮದ್ದಳೆಯ ಅರ್ಥಧಾರಿ. ಆಚೆ ಜಿಲ್ಲೆಯ ಓದುಗರಿಗಾಗಿ ಹೇಳುತ್ತೇನೆ: ತಾಳಮದ್ದಳೆ ಎಂದರೆ ವೇಷವಿಲ್ಲದ, ಕುಣಿತವಿಲ್ಲದ ಯಕ್ಷಗಾನ. ಭಾಗವತರು ಪುರಾಣದ ಕಥೆಯ ಒಂದು ಪದ್ಯ ಹಾಡುತ್ತಾರೆ. ಚಾಪೆಯ ಮೇಲೆ ಕುಳಿತ ಅರ್ಥಧಾರಿ ಆ ಪಾತ್ರವೇ ತಾನಾಗಿ ಪದ್ಯಕ್ಕೆ ಸ್ವಂತ ಮಾತಿನಲ್ಲಿ ಅರ್ಥ ಹೇಳುತ್ತಾನೆ. ಪದ್ಯ ನಾಲ್ಕು ಸಾಲು, ಅರ್ಥ ಅರ್ಧ ಗಂಟೆ. ಮಾವ ನನಗೆ ಹೇಳಿದ್ದರು: "ಪದ್ಯ ಅಂದರೆ ಒಂದು ತೆಂಗಿನಕಾಯಿ ಮಾರಾಯ. ನೀನು ಅದನ್ನು ನೆಟ್ಟು, ಮರ ಮಾಡಿ, ಮರ ಹತ್ತಿ, ಎಳನೀರು ಇಳಿಸಿ, ಕೂತವರಿಗೆಲ್ಲ ಕುಡಿಸಬೇಕು. ಕಾಯಿಯನ್ನೇ ಎತ್ತಿ ತೋರಿಸಿದರೆ ಯಾರು ಕೇಳುತ್ತಾರೆ?" ನನ್ನ ಮೀಸೆ ಮೂಡುವ ಹೊತ್ತಿಗೆ ನಾನೂ ಮರ ಹತ್ತಲು ಕಲಿತಿದ್ದೆ. ಕಾಪುವಿನಿಂದ ಕಾರ್ಕಳದವರೆಗೆ ಹತ್ತು ಹಲವು ಊರುಗಳಲ್ಲಿ ಜನ ನನ್ನ ಅರ್ಥ ಕೇಳಲು ಬರುತ್ತಿದ್ದರು. ನನಗೂ ಅದು ಚೆನ್ನಾಗಿ ಗೊತ್ತಿತ್ತು. ಗೊತ್ತಿರಬಾರದಿತ್ತು.

ಅರುವತ್ತರ ದಶಕದಲ್ಲಿ ನಾನು ಕಾಪುವಿನಲ್ಲಿದ್ದು, ಉಡುಪಿಯಲ್ಲಿ ಬಸ್ಸಿನ ಮಾಲೀಕರೊಬ್ಬರ ಆಫೀಸಿಗೆ ಗುಮಾಸ್ತನಾಗಿ ಹೋಗುತ್ತಿದ್ದೆ. ಬೆಳಗ್ಗಿನ ಬಸ್ಸಿಗೆ ಕಟಪಾಡಿಯಲ್ಲಿ ಲಾರೆನ್ಸ್ ಮಾಸ್ಟ್ರು ಹತ್ತುತ್ತಿದ್ದರು. ಮನೆ ಶಂಕರಪುರ. ಅಲ್ಲಿಂದ ಸೈಕಲಿನಲ್ಲಿ ಬಂದು, ಸೈಕಲನ್ನು ಹೋಟೆಲಿನ ಗೋಡೆಗೆ ಒರಗಿಸಿ, ಪ್ಯಾಂಟಿಗೆ ಹಾಕಿದ ಕ್ಲಿಪ್ಪು ತೆಗೆಯಲು ಮರೆತು ಬಸ್ಸಿಗೆ ಓಡಿ ಬರುವುದು ಅವರ ಕ್ರಮ. ಉಡುಪಿಯ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ವಯಸ್ಸು ಮೂವತ್ತರ ಹತ್ತಿರ, ಮದುವೆಯಾಗಿರಲಿಲ್ಲ, ಮನೆಯಲ್ಲಿ ಅವರು ಮತ್ತು ತಾಯಿ ಇಬ್ಬರೇ. ಮಾತು ಕಡಿಮೆ. ನನ್ನ ಪಕ್ಕದಲ್ಲಿ ಕುಳಿತ ಯಾರದ್ದೂ ಮಾತು ಕಡಿಮೆಯೇ ಆಗಿರುತ್ತಿತ್ತು ಎನ್ನುವುದು ಬೇರೆ ವಿಷಯ.

ಅವರ ಚೀಲದಲ್ಲಿ ಬೊಂಬಾಯಿಯಿಂದ ಬರುವ ತೆಳ್ಳಗಿನ ಪತ್ರಿಕೆಗಳು ಇರುತ್ತಿದ್ದವು. ಒಂದು ದಿನ ಕುತೂಹಲಕ್ಕೆ ತೆಗೆದು ನೋಡಿದೆ. ಇಂಗ್ಲಿಷ್ ಪದ್ಯಗಳು. ಬರೆದವರ ಹೆಸರೆಲ್ಲ ನಮ್ಮವು. ಹಿಮದ ಸುದ್ದಿಯೇ ಇಲ್ಲ! ಒಬ್ಬರು ನಲ್ಲಿಯಲ್ಲಿ ನೀರು ಬಾರದ್ದರ ಬಗ್ಗೆ ಬರೆದಿದ್ದರು, ಇನ್ನೊಬ್ಬರು ಅತ್ತೆಯ ಹಲ್ಲುಸೆಟ್ಟಿನ ಬಗ್ಗೆ. ನಮ್ಮ ಚಿಕ್ಕಪ್ಪ ಸೂಟು ಹಾಕಿ ರಾಣಿಯ ಅರಮನೆಯ ಫೋಟೋದಲ್ಲಿ ನಿಂತದ್ದನ್ನು ಕಂಡ ಹಾಗಾಯಿತು ನನಗೆ.

"ಮಾಸ್ಟ್ರೆ, ಇದಕ್ಕೆ ಪ್ರಾಸ ಇಲ್ಲವಲ್ಲ?"

"ಇಲ್ಲ."

"ತಾಳ?"

"ಅದೂ ಇಲ್ಲ."

"ಮತ್ತೆ ಎಂತದರ ಮೇಲೆ ನಿಂತದ್ದು ಇದು?"

"ನಿಲ್ಲಲಿಲ್ಲ ಶೆಟ್ರೆ. ನಮ್ಮ ಹಾಗೆ ಸೀಟಿನಲ್ಲಿ ಕೂತಿದೆ. ನೀವು ಅದರ ಬದಿಯಲ್ಲಿ ಸುಮ್ಮನೆ ಕೂತ್ಕೊಳ್ಳಿ, ಸಾಕು."

ಸುಮ್ಮನೆ ಕೂರುವುದು! ಅದೊಂದನ್ನು ಬಿಟ್ಟು ಬೇರೆ ಏನು ಹೇಳಿದ್ದರೂ ಮಾಡುತ್ತಿದ್ದೆ. ಆದರೂ ಅವರು ತಾಳ್ಮೆಯಿಂದ ಒಂದೊಂದೇ ಪದ್ಯ ಓದಿಸಿದರು. ಒಂದು ಪದ್ಯ ಓದಿ, ಪತ್ರಿಕೆ ಮುಚ್ಚಿ, ಕಿಟಕಿಯ ಹೊರಗೆ ನೋಡುತ್ತಾ ಹೋಗುವುದು ಅವರ ಪದ್ಧತಿ. ನಾನೂ ಕಿಟಕಿಯ ಹೊರಗೆ ನೋಡುತ್ತಿದ್ದೆ. ನನಗೆ ಕಾಣಿಸುತ್ತಿದ್ದದ್ದು ಬಿಸಿಲಿಗೆ ಹಾಕಿದ ಮೀನು. ಹೀಗೆ ಐದಾರು ತಿಂಗಳು ಕಳೆದ ಮೇಲೆ ಒಂದು ದಿನ ಆ ಹಲ್ಲುಸೆಟ್ಟಿನ ಪದ್ಯ ಯಾರೂ ಕೇಳದೆ, ನಾನೂ ಕರೆಯದೆ, ಆಫೀಸಿನಲ್ಲಿ ನನ್ನ ತಲೆಗೆ ಬಂದು ಕುಳಿತಿತು. ತೀರಿಹೋದ ನನ್ನ ದೊಡ್ಡತ್ತೆಯ ನೆನಪಾಗಿ ಕಣ್ಣು ಒದ್ದೆಯಾಯಿತು. ಮರುದಿನ ಮಾಸ್ಟ್ರಿಗೆ ಹೇಳಿದೆ. ಅವರು ನನ್ನ ಕೈಯನ್ನು ಒಮ್ಮೆ ಒತ್ತಿ ಹಿಡಿದರು. ನನಗೆ ಯಾವ ಸಭೆಯಲ್ಲಿ ಸಿಕ್ಕಿದ ಶಾಲಿಗಿಂತಲೂ ಅದು ದೊಡ್ಡದೆಂದು ಆಗ ಅನಿಸಿತ್ತು. ಆಮೇಲೆ ಮರೆತುಬಿಟ್ಟೆ.

ಅವರೂ ಬರೆಯುತ್ತಾರೆಂದು ಗೊತ್ತಾದದ್ದು ಆ ಬಳಿಕ. ಮಣಿಪಾಲದಲ್ಲಿ ಆಗ ಹೊಸ ಹೊಸ ಕಟ್ಟಡಗಳು ಏಳುತ್ತಿದ್ದವು, ಅವುಗಳೊಳಗೆ ಹೊಸ ಹೊಸ ಸಂಘಗಳು. ಅಂಥದ್ದೊಂದು ಸಂಘದವರು ಭಾರತೀಯರು ಇಂಗ್ಲಿಷಿನಲ್ಲಿ ಬರೆದ ಹೊಸ ಕವಿತೆಗಳನ್ನು ಸವಿಯುವ ಸಂಜೆಯೊಂದನ್ನು ಇಟ್ಟುಕೊಂಡು, ಮಾಸ್ಟ್ರನ್ನು ಓದಲು ಕರೆದರು. ಮಾಸ್ಟ್ರು ಬಸ್ಸಿನಲ್ಲಿ ಒಂದು ಕಾಗದ ತೆಗೆದು ನನ್ನ ಕೈಗಿಟ್ಟರು. ಹನ್ನೊಂದು ಚಿಕ್ಕ ಸಾಲುಗಳು. ಇದ್ದದ್ದು ಇಷ್ಟೇ:

ಅಮ್ಮ ಮಲ್ಲಿಗೆ ಕಟ್ಟುತ್ತಾಳೆ. ಬಾಳೆನಾರು ಅವಳ ಬೆರಳನ್ನು ಕೊಯ್ದಿದೆ. ಒಂದು ದಿನ ಅವಳು ಹೂವಿನ ಬುಟ್ಟಿ ಹೊತ್ತು ನನ್ನ ಶಾಲೆಯ ಗೇಟಿನ ಹತ್ತಿರ ಬಂದಳು. ಗೆಳೆಯರು, ಅದು ಯಾರು ಎಂದು ಕೇಳಿದರು. ಹೂವಿನವಳು, ಎಂದೆ. ಅವಳಿಗೆ ಕೇಳಿಸಿತು. ಅವಳು ಹತ್ತಿರ ಬಂದು, ಗುರುತಿಲ್ಲದವಳ ಹಾಗೆ, ಇಗರ್ಜಿಗೆ ದಾರಿ ಯಾವುದು ಮಗಾ, ಎಂದಳು. ಅವಳಿಗೆ ಗೊತ್ತಿದ್ದ ದಾರಿಯನ್ನು ನಾನು ಬೆರಳು ಮಾಡಿ ತೋರಿಸಿದೆ.

"ಇದು ನಡೆದದ್ದಾ ಮಾಸ್ಟ್ರೆ?"

"ಕಲ್ಯಾಣಪುರದಲ್ಲಿ ಓದುವಾಗ. ನನಗೆ ಹನ್ನೆರಡು ವರ್ಷ. ಅಮ್ಮನ ತವರು ಅಲ್ಲೇ ಬದಿಯ ಕೆಮ್ಮಣ್ಣು. ಆ ಇಗರ್ಜಿಯಲ್ಲೇ ಅವರ ಮದುವೆ ಆದದ್ದು. ದಾರಿ ಗೊತ್ತಿಲ್ಲದೆ ಇರುತ್ತದಾ? ನನ್ನ ಮರ್ಯಾದೆ ಉಳಿಸುವುದಕ್ಕೆ ಕೇಳಿದ್ದು."

"ಆಮೇಲೆ ಅದರ ಬಗ್ಗೆ ನೀವಿಬ್ಬರೂ..."

"ಒಂದು ಮಾತು ಆಡಲಿಲ್ಲ. ಹದಿನೆಂಟು ವರ್ಷ ಆಯ್ತು. ಕೊಂಕಣಿಯಲ್ಲಿ ಹೇಳುವ ಅಂದರೆ ಬಾಯಿ ಬರುವುದಿಲ್ಲ. ಅಮ್ಮನ ಭಾಷೆ ಅಲ್ವಾ ಅದು, ಹೇಳಿದ ಕೂಡಲೇ ಅವರಿಗೆ ತಾಗುತ್ತದೆ. ಅದಕ್ಕೇ ಅವರಿಗೆ ಬಾರದ ಭಾಷೆಯಲ್ಲಿ ಬರೆದದ್ದು." ಚೀಲದ ಬಾಯಿ ಮುಚ್ಚುತ್ತಾ ಅವರು ಮುಂದುವರಿಸಿದರು: "ಈಗ ಅವರಿಗೆ ಗೊತ್ತಾಗಬೇಕು ಅಂತ ಆಸೆ. ಮಣಿಪಾಲಕ್ಕೆ ಕರೆದುಕೊಂಡು ಬರುತ್ತೇನೆ. ನಾನು ಇಂಗ್ಲಿಷಿನಲ್ಲಿ ಓದಿದ ಮೇಲೆ ನೀವು ಕನ್ನಡದಲ್ಲಿ ಇದರ ಅರ್ಥ ಹೇಳಬೇಕು ಶೆಟ್ರೆ. ಇದ್ದದ್ದು ಇದ್ದ ಹಾಗೆ. ಎರಡು ನಿಮಿಷ ಸಾಕು. ನಾನು ಕ್ಷಮೆ ಕೇಳಿದ್ದೇನೆ ಅಂತ ಅವರಿಗೆ ಮುಟ್ಟಿದರೆ ಆಯ್ತು."

ಗಮನಿಸಿದಿರಾ? ನನಗೆ ಎಲ್ಲವೂ ಗೊತ್ತಿತ್ತು. ಅರ್ಥವಾಗದೆ ತಪ್ಪಿದ್ದರೆ ನಾನು ಇವತ್ತು ಜಾಲರಿಯ ಈಚೆ ಕುಳಿತುಕೊಳ್ಳುತ್ತಿರಲಿಲ್ಲ.

ಸಂಘದವರಿಗೆ ಒಂದು ಹೆದರಿಕೆ ಇತ್ತು. ಇಂಗ್ಲಿಷ್ ಕವಿತೆ ಕೇಳಲು ಜನ ಬಾರದಿದ್ದರೆ? ಆದ್ದರಿಂದ ಅವರು ಕನ್ನಡದ ನೋಟೀಸಿನ ಕೆಳಗಡೆ ದಪ್ಪಕ್ಷರದಲ್ಲಿ 'ಪ್ರಸಿದ್ಧ ಅರ್ಥಧಾರಿಗಳಿಂದ ಅರ್ಥ' ಎಂದು ನನ್ನ ಹೆಸರು ಹಾಕಿಸಿದರು. ಅದು ಕಾಪುವಿನ ಕಟ್ಟೆಗೂ ಕಾರ್ಕಳದ ಪೇಟೆಗೂ ಮುಟ್ಟಿತು. ಆದಿತ್ಯವಾರ ನಾಲ್ಕು ಗಂಟೆಗೆ ನಾನು ಹೋಗಿ ನೋಡುತ್ತೇನೆ, ಮುಂದಿನ ಎರಡು ಸಾಲಿನಲ್ಲಿ ಟೈ ಕಟ್ಟಿದ ಪ್ರೊಫೆಸರುಗಳು, ಅವರ ಹಿಂದೆ ಸಭಾಂಗಣ ತುಂಬ ಎಲೆಯಡಿಕೆ ಕಟ್ಟಿಕೊಂಡು ಬಂದ ತಾಳಮದ್ದಳೆಯ ಅಭಿಮಾನಿಗಳು. "ಭಾಗವತರು ಯಾರು ಇವತ್ತು?" ಎಂದು ಕೇಳಿದವನೊಬ್ಬನಿಗೆ ಪಕ್ಕದವನು ಲಾರೆನ್ಸ್ ಮಾಸ್ಟ್ರನ್ನು ತೋರಿಸಿದ. "ಪ್ಯಾಂಟು ಹಾಕಿದ ಭಾಗವತರು ಇದೇ ಮೊದಲು ನೋಡುವುದು ಮಾರಾಯ!"

ಮೂರನೆಯ ಸಾಲಿನ ತುದಿಯಲ್ಲಿ ಮಾಸ್ಟ್ರ ತಾಯಿ ಸಿಸಿಲಿ ಬಾಯಿ ಕುಳಿತಿದ್ದರು. ಸಣ್ಣ ಜೀವ. ಕೈ ಎರಡನ್ನೂ ಸೆರಗಿನೊಳಗೆ ಇಟ್ಟುಕೊಂಡಿದ್ದರು.

ಪ್ರೊಫೆಸರೊಬ್ಬರು ಇಂಗ್ಲಿಷಿನಲ್ಲಿ ಒಂದು ಗಂಟೆ ಮಾತನಾಡಿದರು. ಹಿಂದಿನವರು ಎಲೆಗೆ ಸುಣ್ಣ ಹಚ್ಚಿದರು. ಆಮೇಲೆ ಮಾಸ್ಟ್ರು ಎದ್ದು, ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು, ಹನ್ನೊಂದು ಸಾಲು ಓದಿ ಕುಳಿತರು. ಒಂದು ನಿಮಿಷವೂ ಹಿಡಿಯಲಿಲ್ಲ. ಇಷ್ಟಕ್ಕೇ ಮುಗಿಯಿತೆಂದು ಯಾರಿಗೂ ಗೊತ್ತಾಗದೆ ಚಪ್ಪಾಳೆ ಬೀಳಲಿಲ್ಲ.

ನಾನು ಎದ್ದೆ. ಹೇಳಿದ ಹಾಗೆಯೇ ಸುರು ಮಾಡಿದೆ, ದೇವರಾಣೆ. "ಒಬ್ಬಳು ತಾಯಿ. ಅವಳು ಮಲ್ಲಿಗೆ ಕಟ್ಟುತ್ತಾಳೆ" ಎಂದೆ. ಸಭೆ ನನ್ನನ್ನೇ ನೋಡುತ್ತಿತ್ತು. "ಒಂದು ದಿನ ಅವಳು ಮಗನ ಶಾಲೆಯ ಗೇಟಿಗೆ ಬಂದಳು" ಎಂದೆ. ಆಗ ಹಿಂದಿನಿಂದ ಕಾರ್ಕಳದ ಒಂದು ಗಂಟಲು ಕೂಗಿತು: "ಶೆಟ್ರೆ, ಸ್ವಲ್ಪ ಬಿಡಿಸಿ ಹೇಳಿ! ನಾವು ಬಸ್ಸಿಗೆ ದುಡ್ಡು ಕೊಟ್ಟು ಬಂದದ್ದು!"

ಸಭೆ ನಕ್ಕಿತು. ಆ ನಗು ನನ್ನ ಕಿವಿಗೆ ಬಿದ್ದ ಕೂಡಲೇ, ಎಲ್ಲಿಯೂ ಇಲ್ಲದ ಚೆಂಡೆಯೊಂದು ನನ್ನ ತಲೆಯೊಳಗೆ ಬಾರಿಸತೊಡಗಿತು.

ನಮ್ಮ ಪ್ರಸಂಗಗಳಲ್ಲಿ ಒಂದು ಸನ್ನಿವೇಶ ಉಂಟು, ಹೆಸರು ಹೇಳದೆಯೂ ನಿಮಗೆ ತಿಳಿಯುತ್ತದೆ. ಹೆತ್ತ ಕೂಡಲೇ ಮಗುವನ್ನು ತೊರೆದ ತಾಯಿ, ಬೆಳೆದು ನಿಂತ ಮಗನನ್ನು ಹುಡುಕಿಕೊಂಡು ಬರುತ್ತಾಳೆ. ಮಗ ಅವಳನ್ನು ಪ್ರಶ್ನೆ ಕೇಳುತ್ತಾನೆ. ಆ ಮಗನ ಅರ್ಥ ಹೇಳುವುದರಲ್ಲಿ ನನ್ನನ್ನು ಮೀರಿಸುವವರು ಆ ಕಾಲದಲ್ಲಿ ಕಡಿಮೆ. ಕರಾವಳಿಯ ಅರ್ಥಧಾರಿಗೆ ತಾಯಿ, ಮಗ, ಬಾಗಿಲು ಈ ಮೂರನ್ನು ಕೊಟ್ಟರೆ ಅವನು ಬೇರೆ ಎಲ್ಲಿಗೂ ಹೋಗಲಾರ, ನೇರ ಅಲ್ಲಿಗೇ ಹೋಗುತ್ತಾನೆ. ನಾನೂ ಹೋದೆ. ಧ್ವನಿ ತಾನಾಗಿ ಏರಿತು, ಬಲಗೈ ತಾನಾಗಿ ಎದ್ದಿತು.

"ಅಮ್ಮಾ! ನಿನ್ನ ಮಲ್ಲಿಗೆಗೆ ನಾರು ಸಿಕ್ಕಿತು. ಮಗನನ್ನು ನಿನ್ನೊಡಲಿಗೆ ಕಟ್ಟಿಕೊಳ್ಳಲು ಒಂದೆಳೆ ನಾರು ಸಿಗಲಿಲ್ಲವೇ? ಮೊಗ್ಗು ಬಾಡೀತೆಂದು ಬಾಳೆಯೆಲೆಯಲ್ಲಿ ಸುತ್ತಿದೆ. ಹೆತ್ತ ಮೊಗ್ಗು ಬಿಸಿಲಿಗೆ ಬಿದ್ದದ್ದು ಕಾಣಲಿಲ್ಲವೇ? ಹೂವಿಗೆ ನಿನ್ನಲ್ಲಿ ಹೊತ್ತುಂಟು, ಮಗನಿಗೆ ಹೊತ್ತಿಲ್ಲ! ಈಗ ದಾರಿ ಕೇಳುತ್ತೀಯಾ? ಬಿಟ್ಟು ಹೋಗುವಾಗ ಗೊತ್ತಿದ್ದ ದಾರಿ, ಹುಡುಕಿ ಬರುವಾಗ ಮರೆತುಹೋಯಿತೇ ತಾಯೀ?"

ಮುಕ್ಕಾಲು ಗಂಟೆ. ಜನ ಅತ್ತರು. ಟೈ ಕಟ್ಟಿದವರಲ್ಲೂ ಇಬ್ಬರು ಕನ್ನಡಕ ತೆಗೆದು ಒರೆಸಿಕೊಂಡರು. ಚಪ್ಪಾಳೆ ಎಷ್ಟು ಹೊತ್ತು ಬಿತ್ತೆಂದರೆ, ನಾನು ಎರಡು ಸಲ ಕುಳಿತು ಎರಡು ಸಲ ಎದ್ದೆ. ಮಾಸ್ಟ್ರ ಕಡೆ ನೋಡಲು ನನಗೆ ನೆನಪಾದದ್ದು ಆ ಬಳಿಕ. ಅವರ ಕುರ್ಚಿ ಖಾಲಿ ಇತ್ತು.

ಬಾಗಿಲಿನ ಹತ್ತಿರ ಸಿಸಿಲಿ ಬಾಯಿ ನನ್ನನ್ನು ತಡೆದು ನಿಲ್ಲಿಸಿದರು. "ಚಂದ ಹೇಳಿದ್ರಿ ಶೆಟ್ರೆ," ಎಂದರು. "ನನ್ನ ಮಗನ ಮನಸ್ಸಿನಲ್ಲಿ ಇಷ್ಟೆಲ್ಲ ಉಂಟು ಅಂತ ನನಗೆ ಗೊತ್ತೇ ಇರಲಿಲ್ಲ."

ನಾನು ಅದನ್ನು ಶಹಬ್ಬಾಸ್ ಎಂದು ತೆಗೆದುಕೊಂಡೆ. ಕೈ ಮುಗಿದು, "ನಿಮ್ಮ ಆಶೀರ್ವಾದ" ಎಂದೆ. ಇದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ.

ಮರುದಿನದಿಂದ ಮಾಸ್ಟ್ರು ನಮ್ಮ ಬಸ್ಸಿನಲ್ಲಿ ಇಲ್ಲ. ಅದಕ್ಕಿಂತ ಮೊದಲಿನ ಬಸ್ಸಿಗೆ ಹೋಗುತ್ತಾರೆಂದು ಕಂಡಕ್ಟರು ಹೇಳಿದ. ನನಗೂ ಒಳಗೊಳಗೆ ಚುಚ್ಚುತ್ತಿತ್ತು. ಆದರೆ ಚುಚ್ಚಿದ ಮುಳ್ಳನ್ನು ತೆಗೆಯಲು ಬಗ್ಗಬೇಕಲ್ಲ, ನಾನು ಆಗ ನೆಟ್ಟಗೆ ನಡೆಯುತ್ತಿದ್ದ ಕಾಲ. ದಾರಿಯಲ್ಲಿ ಸಿಕ್ಕವರೆಲ್ಲ "ಇಂಗ್ಲಿಷಿಗೂ ಅರ್ಥ ಹೇಳಿದಿರಂತೆ!" ಎನ್ನುತ್ತಿದ್ದರು. ಪತ್ರಿಕೆಯಲ್ಲಿ ನಾಲ್ಕು ಸಾಲಿನ ವರದಿ ಬಂದಿತ್ತು. ಅದರಲ್ಲಿ ನನ್ನ ಹೆಸರು ಎರಡು ಸಲ, ಮಾಸ್ಟ್ರ ಹೆಸರು ಒಂದು ಸಲವೂ ಇಲ್ಲ. ಕತ್ತರಿಸಿ ಇಟ್ಟುಕೊಂಡೆ.

ಎರಡು ತಿಂಗಳಾದ ಮೇಲೆ, ಆಫೀಸಿನ ಕೆಲಸಕ್ಕೆಂದು ನಾನೂ ಆ ಮೊದಲಿನ ಬಸ್ಸು ಹಿಡಿಯಬೇಕಾಯಿತು. ಕಟಪಾಡಿಯಲ್ಲಿ ಮಾಸ್ಟ್ರು ಹತ್ತಿದರು. ನನ್ನ ಪಕ್ಕದ ಸೀಟು ಬಿಟ್ಟರೆ ಬೇರೆ ಇರಲಿಲ್ಲ. ಕುಳಿತರು. ಮುಖ ಸೊರಗಿತ್ತು.

"ಪದ್ಯ ಎಂತಾದರೂ ಬರೆದಿರಾ ಮಾಸ್ಟ್ರೆ?" ಎಂದೆ, ಏನೂ ಆಗದವನ ಹಾಗೆ.

"ಇಲ್ಲ. ಬರೆಯಲಿಕ್ಕೆ ಆಗುವುದಿಲ್ಲ. ಅಮ್ಮ ಎದುರು ಕೂತಿರುತ್ತಾರೆ."

"ಎದುರು ಕೂತು ಎಂತ ಮಾಡುತ್ತಾರೆ?"

"ನನ್ನನ್ನು ನೋಡುತ್ತಾರೆ. ಹೂ ಕಟ್ಟುವುದು ಬಿಟ್ಟಿದ್ದಾರೆ. ಗಿಡದ ಮೊಗ್ಗನ್ನೆಲ್ಲ ಬದಿಮನೆಯವರು ಕೊಯ್ದುಕೊಂಡು ಹೋಗುತ್ತಾರೆ. ಹೂವಿಗೆ ಹೊತ್ತುಂಟು, ಮಗನಿಗೆ ಹೊತ್ತಿಲ್ಲ ಅಂತ ನೀವು ಹೇಳಿದಿರಲ್ಲ. ನಾನು ಕಾಪಿಪುಸ್ತಕ ತಿದ್ದುವಾಗ ಮೊಣಕಾಲಿಗೆ ಕೈ ಕಟ್ಟಿ ಎದುರು ಕೂರುತ್ತಾರೆ. ಮೂವತ್ತು ವರ್ಷದ ಮಗನಿಗೆ ಮೀನಿನ ಮುಳ್ಳು ತೆಗೆದು ಬಡಿಸುತ್ತಾರೆ ಶೆಟ್ರೆ!"

ನನಗೆ ನಗು ಬಂತು. ಅವರ ಮುಖ ನೋಡಿ ಅರ್ಧಕ್ಕೇ ನಿಂತಿತು.

"ಮೊನ್ನೆ ಊಟ ಬಡಿಸಿ, ತಪ್ಪಾಯಿತು ಪುತಾ ಅಂದರು," ಎಂದರು ಮಾಸ್ಟ್ರು ಮೆಲ್ಲಗೆ. "ಕ್ಷಮೆ ಕೇಳುವುದಕ್ಕೆ ಅಂತ ಪದ್ಯ ಬರೆದದ್ದು ನಾನು. ಈಗ ದಿನಾ ಅವರು ನನ್ನ ಹತ್ತಿರ ಕ್ಷಮೆ ಕೇಳುತ್ತಿದ್ದಾರೆ."

"ಹಾಗಲ್ಲ ಅಂತ ನೀವು ಹೇಳಬಹುದಿತ್ತಲ್ಲ?"

"ಹೇಳಿದೆ. ನನಗೆ ಬೇಸರ ಆದೀತು ಅಂತ ಸುಳ್ಳು ಹೇಳುತ್ತೀ ಪುತಾ, ಅಷ್ಟು ದೊಡ್ಡ ಸಭೆಯಲ್ಲಿ ಶೆಟ್ರು ಸುಳ್ಳು ಹೇಳುತ್ತಾರಾ, ಅಂದರು."

ಆ ವಾರ ನನಗೆ ಅನ್ನ ಸೇರಲಿಲ್ಲ. ಆದಿತ್ಯವಾರ ಬೆಳಗ್ಗೆ, ಇಗರ್ಜಿಯ ಪೂಜೆ ಮುಗಿಸಿ ತಾಯಿ ಮಗ ಮನೆಗೆ ಬರುವ ಹೊತ್ತಿಗೆ ಸರಿಯಾಗಿ ಶಂಕರಪುರಕ್ಕೆ ಹೋದೆ. ಮಾಸ್ಟ್ರು ಕಟಪಾಡಿಗೆ ಮೀನಿಗೆ ಹೋಗಿದ್ದರು. ಸಿಸಿಲಿ ಬಾಯಿ ಜಗಲಿಯಲ್ಲಿ ಕುಳಿತಿದ್ದರು. ಕೈಗೆ ಕೆಲಸವಿಲ್ಲದೆ ಬೆರಳುಗಳು ಸೆರಗಿನ ಅಂಚನ್ನು ಸುತ್ತುವುದು, ಬಿಚ್ಚುವುದು ಮಾಡುತ್ತಿದ್ದವು. ನೀರು, ಬೆಲ್ಲ ತಂದಿಟ್ಟರು. ನಾನು ಬೆಲ್ಲ ಮುಟ್ಟದೆ ಹೇಳಿದೆ: "ಬಾಯಿ, ಮಣಿಪಾಲದಲ್ಲಿ ನಾನು ಹೇಳಿದ್ದು ನಿಮ್ಮ ಮಗನ ಪದ್ಯ ಅಲ್ಲ. ಅದು ಬೇರೆ ಯಾವುದೋ ಪ್ರಸಂಗ. ಜನ ನಕ್ಕರು, ನಾನು ಮರ ಹತ್ತಿದೆ. ಪದ್ಯ ನನ್ನ ಕಿಸೆಯಲ್ಲಿ ಉಂಟು. ಈಗ ಸರಿಯಾಗಿ ಹೇಳುತ್ತೇನೆ."

ಅವರು ಸೆರಗಿನ ಅಂಚನ್ನು ಬಿಟ್ಟು ನೆಟ್ಟಗೆ ಕುಳಿತರು. "ಮೊದಲು ಅವನ ಇಂಗ್ಲಿಷಿನಲ್ಲೇ ಓದಿ," ಎಂದರು.

"ನಿಮಗೆ ಅರ್ಥ ಆಗುತ್ತದಾ?"

"ಅರ್ಥ ಆಗುವುದಿಲ್ಲ. ಆದರೆ ಕೇಳಲಿಕ್ಕೆ ಬರುತ್ತದೆ. ಹುಟ್ಟಿದಂದಿನಿಂದ ಲ್ಯಾಟಿನ್ ಪೂಜೆ ಕೇಳಿದವಳು ನಾನು. ಓದಿ."

ಓದಿದೆ. ನನ್ನ ಇಂಗ್ಲಿಷ್ ಕಾರ್ಕಳದ ಬಂಡೆಯ ಮೇಲೆ ಕಲಿತದ್ದು, ಒಂದು ಕಾಲೆತ್ತಿ ಒಂದು ಕಾಲಿಡುತ್ತಾ ಸಾಗಿತು. ಅವರು ಕಣ್ಣು ಮುಚ್ಚಿ, ತಲೆ ಸ್ವಲ್ಪ ಬಾಗಿಸಿ ಕೇಳಿದರು. ಬಸ್ಸಿನಲ್ಲಿ ಮಾಸ್ಟ್ರು ತಿಂಗಳುಗಟ್ಟಲೆ ನನಗೆ ಕಲಿಸಲು ನೋಡಿದ್ದು ಇದನ್ನೇ ಎಂದು ನನಗೆ ಆಗ ಹೊಳೆಯಿತು. ಆಮೇಲೆ ಒಂದೊಂದೇ ಸಾಲನ್ನು ಇದ್ದದ್ದು ಇದ್ದ ಹಾಗೆ ಕನ್ನಡದಲ್ಲಿ ಹೇಳಿದೆ. ನಾರು. ಬೆರಳು. ಗೇಟು. ಹೂವಿನವಳು. ಕೈ ಏಳದ ಹಾಗೆ ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡಿದ್ದೆ. ಕಡೆಯ ಸಾಲನ್ನೂ ಹಾಗೆಯೇ, ಧ್ವನಿ ಏರಿಸದೆ ಹೇಳಿ ಮುಗಿಸಿದೆ. ಬಿಡಿಸದೆ, ಬೆಳೆಸದೆ ಅರ್ಥ ಹೇಳಿದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು.

ಸಿಸಿಲಿ ಬಾಯಿ ಎದ್ದು ಅಂಗಳಕ್ಕಿಳಿದು, ಬದಿಮನೆಯ ಕಡೆ ಮುಖ ಮಾಡಿ, "ರೋಜಿ, ನಾರು ನೀರಿಗೆ ಹಾಕಿದ್ದು ಇದ್ದರೆ ಸ್ವಲ್ಪ ಕೊಡು" ಎಂದು ಕೂಗಿದರು. ಬುಟ್ಟಿ ಬಂತು, ನಾರು ಬಂತು. ಜಗಲಿಯಲ್ಲಿ ಕಾಲು ನೀಡಿ ಕುಳಿತು ಕಟ್ಟಲು ಸುರು ಮಾಡಿದರು. ಎರಡು ತಿಂಗಳ ಹಸಿವು ಆ ಬೆರಳುಗಳಿಗೆ. ಹತ್ತು ಹನ್ನೆರಡು ಮೊಗ್ಗು ಏರಿದ ಮೇಲೆ ತಲೆ ಎತ್ತದೆ ಹೇಳಿದರು:

"ಅವತ್ತು ನನಗೆ ದಾರಿ ಗೊತ್ತಿರಲಿಲ್ಲ ಶೆಟ್ರೆ."

"ಅಂದರೆ? ನಿಮ್ಮ ಮದುವೆ ಅಲ್ಲೇ ಆದದ್ದಲ್ವಾ?"

"ಕೆಮ್ಮಣ್ಣಿನಿಂದ ನಾವು ದೋಣಿಯಲ್ಲಿ ಹೋಗುವುದು. ಹೊಳೆಯ ಬದಿಯಿಂದ ಹತ್ತಿ ಇಗರ್ಜಿಗೆ. ರಸ್ತೆಯ ಕಡೆಯಿಂದ ನಾನು ಬಂದದ್ದು ಅದೇ ಮೊದಲು. ನಿಜಕ್ಕೂ ದಾರಿ ತಪ್ಪಿತ್ತು. ಹುಡುಗರು ನಿಂತದ್ದು ಕಾಣಿಸಿತು, ಕೇಳಿದೆ. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಇವ ಅವರ ಒಟ್ಟಿಗೆ ಇದ್ದಾನೆ ಅಂತ ಗೊತ್ತಾದದ್ದು ಇವ ಬೆರಳು ತೋರಿಸಿದ ಮೇಲೆ."

"ಹಾಗಾದರೆ ಹೂವಿನವಳು ಅಂದದ್ದು..."

"ನನಗೆ ಕೇಳಿಸಲೇ ಇಲ್ಲ."

ನಾನು ಅವರ ಮುಖ ನೋಡಿದೆ. ಕಣ್ಣು ಮೊಗ್ಗಿನ ಮೇಲೆ, ಬೆರಳು ನಾರಿನ ಮೇಲೆ. ಹೇಳಿದ್ದು ನಿಜವೋ, ಶಾಲೆಯ ಗೇಟಿನಲ್ಲಿ ಆಡಿದ ಹಾಗೆ ಇವತ್ತೂ ಮಗನ ಮರ್ಯಾದೆಗಾಗಿ ಆಡಿದ ಮಾತೋ, ಎಷ್ಟು ನೋಡಿದರೂ ಗೊತ್ತಾಗಲಿಲ್ಲ. ಆ ಹೆಂಗಸಿನ ಎದುರು ನನ್ನ ಅರ್ಥಗಾರಿಕೆ ಬಾಲವಾಡಿ ಮಗುವಿನ ಹಾಗೆ ಬಾಯಲ್ಲಿ ಬೆರಳಿಟ್ಟು ನಿಂತಿತು.

"ಇದನ್ನು ಕೂಡಲೇ ಮಾಸ್ಟ್ರಿಗೆ ಹೇಳುತ್ತೇನೆ," ಎಂದೆ ಸಂತೋಷದಿಂದ. "ಹದಿನೆಂಟು ವರ್ಷದ ಭಾರ ಇಳಿಯುತ್ತದೆ ಅವರಿಗೆ."

"ಹೇಳಬೇಡಿ," ಎಂದರು ಥಟ್ಟನೆ. "ಎಷ್ಟು ಚಂದ ಬರೆದಿದ್ದಾನೆ! ನನಗೆ ದಾರಿ ಗೊತ್ತಿರಲಿಲ್ಲ ಅಂತ ಕೇಳಿದರೆ ಆ ಕಡೇ ಸಾಲು ಹೊಡೆದು ಹಾಕಿಯಾನು. ಅದು ಹೋದರೆ ಪದ್ಯದಲ್ಲಿ ಎಂತ ಉಂಟು ಉಳಿಯುವುದು? ಭಾಷೆ ಕೊಡಿ."

ಭಾಷೆ ಕೊಟ್ಟೆ. ಪ್ರೊಫೆಸರು ಒಂದು ಗಂಟೆ ಮಾತನಾಡಿಯೂ ಹೇಳದಿದ್ದದ್ದನ್ನು ಮಲ್ಲಿಗೆ ಕಟ್ಟುತ್ತಾ ಹೇಳಿದ ಅವರೂ ಈಗಿಲ್ಲ, ಮಾಸ್ಟ್ರೂ ಇಲ್ಲ. ಆದ್ದರಿಂದಲೇ ನಿಮ್ಮ ಕಿವಿಗೆ ಹಾಕುವ ಧೈರ್ಯ ಬಂತು.

ಮರುದಿನ ಮಾಸ್ಟ್ರು ನಮ್ಮ ಬಸ್ಸಿಗೇ ಹತ್ತಿದರು. ಬೇರೆ ಸೀಟು ಖಾಲಿ ಇದ್ದರೂ ನನ್ನ ಪಕ್ಕಕ್ಕೆ ಬಂದರು.

"ಅಮ್ಮ ಪುನಃ ಹೂ ಕಟ್ಟುತ್ತಿದ್ದಾರೆ," ಎಂದರು. "ನಿನ್ನೆ ಎದುರು ಕೂರಲಿಲ್ಲ. ಊಟಕ್ಕೆ ಬರುವುದಾದರೆ ಬಾ, ಇಲ್ಲದಿದ್ದರೆ ತಣ್ಣಗಾದದ್ದು ತಿನ್ನು ಅಂತ ಬೈದರು."

"ಒಳ್ಳೆಯದಾಯಿತಲ್ಲ."

"ನೀವು ಬಂದಿದ್ದಿರಿ ಅಂತ ಅಮ್ಮ ಹೇಳಿದರು. ಕಡೇ ಸಾಲು ಹೇಳಿದಿರಾ?"

"ಹೇಳಿದೆ."

"ಕೇಳಿ ಎಂತ ಅಂದರು?"

ಬಸ್ಸಿನ ಮೇಲೆ ಕಟ್ಟಿದ ಬುಟ್ಟಿಗಳಿಂದ ಹಿಡಿದು ಬಸ್ಸಿನೊಳಗಿನ ಜನರವರೆಗೆ ಎಲ್ಲದಕ್ಕೂ ಅರ್ಥ ಹೇಳಬಲ್ಲ ನನ್ನ ನಾಲಿಗೆ ಬಾಯಿಯ ಬಾಗಿಲಿಗೆ ಬಂದು ನಿಂತಿತು. ಒಂದೇ ಒಂದು ಮಾತು ಹೇಳಿದರೆ ಈ ಮನುಷ್ಯನ ತಪ್ಪು ತಪ್ಪೇ ಅಲ್ಲ. ಹೇಳದಿದ್ದರೆ ಆ ಸಾಲು ಉಳಿಯುತ್ತದೆ. ಅವರ ತಾಯಿ ಎರಡನ್ನೂ ತೂಗಿ ನೋಡಿ ನನ್ನಿಂದ ಭಾಷೆ ತೆಗೆದುಕೊಂಡಿದ್ದರು.

"ಚಂದ ಬರೆದಿದ್ದಾನೆ ಅಂದರು," ಎಂದೆ.

"ಅಷ್ಟೇಯಾ?"

"ಅಷ್ಟೇ ಮಾಸ್ಟ್ರೆ."

ಮಾಸ್ಟ್ರು ತಲೆಯಾಡಿಸಿದರು. ಆಮೇಲೆ ಕಿಸೆಯಿಂದ ಪೆನ್ಸಿಲು ತೆಗೆದು, ಟಿಕೇಟನ್ನು ಮಗುಚಿ, ಮೊಣಕಾಲಿನ ಮೇಲಿಟ್ಟು ಏನೋ ಬರೆಯತೊಡಗಿದರು. ಬಸ್ಸಿನಲ್ಲಿ ಗುರುತಿಲ್ಲದವರ ಇನ್‌ಲ್ಯಾಂಡ್ ಲೆಟರನ್ನೂ ಹೆಗಲ ಮೇಲಿಂದ ಬಗ್ಗಿ ಓದುತ್ತಿದ್ದವನು ನಾನು. ಅವತ್ತು ಮುಖವನ್ನು ಆಚೆ ಬದಿಯ ಕಿಟಕಿಗೆ ತಿರುಗಿಸಿ, ಬಸ್ಸು ಕುಲುಕಿದಾಗ ಅವರ ಕೈ ಅಲ್ಲಾಡದಿರಲಿ ಎಂದು ನನ್ನ ಭುಜವನ್ನು ಅವರ ಭುಜಕ್ಕೆ ಗಟ್ಟಿಯಾಗಿ ಒತ್ತಿ ಕುಳಿತೆ.